ಬ್ಯಾಟರಿ ಚಾರ್ಜರು: ಡಬ್ಬಿಯ ಮೇಲಿನ ಅಂಕಿ, ವೈರಿನಲ್ಲಿ ಹರಿಯುವ ಆಂಪಿಯರ್

ಕಾರು, ಜೀಪು, ಟ್ರ್ಯಾಕ್ಟರುಗಳ ಬ್ಯಾಟರಿಯನ್ನು ಮನೆಯಲ್ಲೇ ಚಾರ್ಜಿಗೆ ಹಾಕುವ ಚಾರ್ಜರು ಈಗ ಪೇಟೆಯಲ್ಲಿ ಬಲು ಅಗ್ಗ. ಡಬ್ಬಿಯ ಮೇಲೆ ‘12 ವೋಲ್ಟ್, 10 ಆಂಪಿಯರ್’ ಎಂದೋ ‘140 ವ್ಯಾಟ್’ ಎಂದೋ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಅದೇ ಅಂಕಿ ಹೊತ್ತ, ಗ್ಯಾರೇಜಿನವರು ಬಳಸುವ ಭಾರದ ಚಾರ್ಜರಿಗೆ ಇದರ ಹಲವು ಪಟ್ಟು ಬೆಲೆ. ಬೆಲೆ ಇಷ್ಟು ಇಳಿದದ್ದು ಹೊಸ ತಂತ್ರದಿಂದಲೋ, ಅಂಕಿ ಸುಳ್ಳಾಗಿರುವುದರಿಂದಲೋ ಎಂಬುದು ಅಳೆದರೆ ಮಾತ್ರ ತಿಳಿಯುತ್ತದೆ. ಅಳೆಯಲು ಪ್ರಯೋಗಾಲಯ ಬೇಕಿಲ್ಲ. ಗೋಡೆಯ ಮೇಲಿನ ಕರೆಂಟಿನ ಮೀಟರು, ಎರಡು ಹೆಡ್‌ಲೈಟ್ ಬಲ್ಬು, ಒಂದು ಮಲ್ಟಿಮೀಟರು, ಮುಕ್ಕಾಲು ಮೀಟರಿಗಿಂತ ತುಸು ಉದ್ದದ ತಾಮ್ರದ ವೈರು ಇದ್ದರೆ ಸಾಕು.

ಗದಗ ಜಿಲ್ಲೆಯ ನರಗುಂದದಂಥ ಊರಿನಲ್ಲಿ ಈ ಲೆಕ್ಕಕ್ಕೆ ಬೆಲೆ ಹೆಚ್ಚು. ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿ ಊರಿನ ಮೇಲೇ ಹಾದುಹೋಗುವುದರಿಂದ ವಾಹನಗಳಿಗೆ ಬರವಿಲ್ಲ. ಹಳ್ಳಿಗಳಲ್ಲಿ ಟ್ರ್ಯಾಕ್ಟರುಗಳಿಗೂ ಇಲ್ಲ. ಎರೆಹೊಲದ ಕೆಲಸವಾದರೋ ಒಮ್ಮೆ ಬಂದರೆ ಒತ್ತೊತ್ತಾಗಿ ಬರುತ್ತದೆ. ಹಿಂಗಾರಿ ಬಿತ್ತನೆ, ಆಮೇಲೆ ಕಡಲೆ-ಜೋಳದ ರಾಶಿ ಮುಗಿದವೆಂದರೆ ಟ್ರ್ಯಾಕ್ಟರು ವಾರಗಟ್ಟಲೆ ನಿಂತಲ್ಲೇ ನಿಲ್ಲುತ್ತದೆ. ನಿಂತ ಬ್ಯಾಟರಿಯೂ ತನ್ನಷ್ಟಕ್ಕೆ ಸೋರುತ್ತಿರುತ್ತದೆ. ಬಿಸಿಲು 10 ಡಿಗ್ರಿ ಏರಿದರೆ ಈ ಸೋರಿಕೆ ಸುಮಾರು ಎರಡು ಪಟ್ಟಾಗುತ್ತದೆ. ಏಪ್ರಿಲ್-ಮೇ ತಿಂಗಳ ಬಿಸಿಲು ಇಲ್ಲಿ 40 ಡಿಗ್ರಿಯ ಆಸುಪಾಸು. ಮತ್ತೆ ಸೆಲ್ಫ್ ಹೊಡೆದಾಗ ‘ಟಕ್’ ಎಂಬ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಊರ ಬದಿಯ ಗುಡ್ಡವೊಂದನ್ನು ಬಿಟ್ಟರೆ ಸುತ್ತಲೂ ಮಟ್ಟಸವಾದ ಎರೆ. ಇಳಿಜಾರಿನಲ್ಲಿ ನಿಲ್ಲಿಸಿ ಉರುಳಿಸಿ ಚಾಲೂ ಮಾಡುವ ಅನುಕೂಲವೂ ಎಲ್ಲರಿಗಿಲ್ಲ. ಹೀಗಾಗಿ ಚಾರ್ಜರು ಮನೆಗೆ ಬರುತ್ತದೆ.

ಹೊಲದ ಶೆಡ್ಡಿನಲ್ಲಿ ಚಾರ್ಜು ಹಾಕುವವರಿಗೆ ಇನ್ನೊಂದು ಮಿತಿಯಿದೆ. ಸರಕಾರದ ನೀತಿಯಂತೆ ಪಂಪ್‌ಸೆಟ್ಟಿನ ಫೀಡರಿಗೆ ದಿನಕ್ಕೆ 7 ತಾಸು ತ್ರೀ-ಫೇಸ್ ಕರೆಂಟು. 10 ಆಂಪಿಯರ್ ಚಾರ್ಜರು ನಿಜವಾಗಿ 10 ಕೊಟ್ಟರೆ 7 ತಾಸಿನಲ್ಲಿ 70 ಆಂಪಿಯರ್-ತಾಸು ಬ್ಯಾಟರಿ ಸೇರುತ್ತದೆ. ಕೊಡುವುದು 4 ಆದರೆ ಸೇರುವುದು 28 ಮಾತ್ರ. ಟ್ರ್ಯಾಕ್ಟರಿನ ಬ್ಯಾಟರಿ ಸಾಮಾನ್ಯವಾಗಿ 75ರಿಂದ 100 ಆಂಪಿಯರ್-ತಾಸಿನದು. ಮೊದಲನೆಯ ಲೆಕ್ಕದಲ್ಲಿ ಅರ್ಧ ಖಾಲಿಯಾದ ಬ್ಯಾಟರಿ ಒಂದೇ ದಿನದಲ್ಲಿ ತುಂಬೀತು. ಎರಡನೆಯದರಲ್ಲಿ ಮರುದಿನದ ಕರೆಂಟಿಗೂ ಕಾಯಬೇಕು.

ಅಳೆಯುವ ಮೊದಲು ಬ್ಯಾಟರಿಯ ಗುಣ ತಿಳಿದಿರಬೇಕು. ಸೀಸ ಮತ್ತು ಗಂಧಕಾಮ್ಲದ ಈ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ರೂಪಿಸಿದ್ದು 1859ರಲ್ಲಿ, ಅಂದರೆ ನರಗುಂದದ ಅರಸ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದ ಬಂಡಾಯದ ಮರುವರ್ಷ. ಅಂದಿನಿಂದ ಇಂದಿನವರೆಗೆ ಅದರ ಒಳಗಿನ ರಸಾಯನ ಕ್ರಿಯೆ ಬದಲಾಗಿಲ್ಲ. 12 ವೋಲ್ಟಿನ ಬ್ಯಾಟರಿಯಲ್ಲಿ ಆರು ಸೆಲ್ಲುಗಳು, ಒಂದೊಂದಕ್ಕೆ 2.1 ವೋಲ್ಟ್. ಪೂರ್ತಿ ತುಂಬಿದ ಬ್ಯಾಟರಿ ಕೆಲವು ತಾಸು ಸುಮ್ಮನಿದ್ದ ಮೇಲೆ 12.6–12.7 ವೋಲ್ಟ್ ತೋರಿಸುತ್ತದೆ. ಅರ್ಧ ಖಾಲಿಯಾದಾಗ 12.2, 11.9ಕ್ಕೆ ಬಂತೆಂದರೆ ಹೆಚ್ಚುಕಡಿಮೆ ಮುಗಿದಂತೆ. ಇದರೊಳಕ್ಕೆ ಕರೆಂಟು ನುಗ್ಗಿಸಬೇಕಾದರೆ ಚಾರ್ಜರಿನ ವೋಲ್ಟೇಜು ಬ್ಯಾಟರಿಯದಕ್ಕಿಂತ ಮೇಲಿರಬೇಕು. ತುಂಬುತ್ತ ಬಂದ ಹಾಗೆ ಬ್ಯಾಟರಿಯ ವೋಲ್ಟೇಜು 14.4ರ ಕಡೆಗೆ ಏರಿ, ಒಳಹೋಗುವ ಆಂಪಿಯರ್ ತಾನಾಗಿ ಇಳಿಯುತ್ತದೆ. ಇದು ಚಾರ್ಜರಿನ ಮೋಸವಲ್ಲ, ಬ್ಯಾಟರಿಯ ಸ್ವಭಾವ. ಆದ್ದರಿಂದ ತುಂಬಿದ ಬ್ಯಾಟರಿಗೆ ಚಾರ್ಜರು ಕಟ್ಟಿ ‘ಎರಡೇ ಆಂಪಿಯರ್ ಬರುತ್ತದೆ’ ಎಂದು ದೂರುವುದು ತಪ್ಪು. ಪರೀಕ್ಷೆಗೆ ಬೇಕಾದದ್ದು ಅರ್ಧ ಖಾಲಿಯಾದ, ಆದರೆ ಆರೋಗ್ಯವಾಗಿರುವ ಬ್ಯಾಟರಿ. ಬಹುಕಾಲ ಖಾಲಿ ಬಿದ್ದು ಒಳಗಿನ ಪ್ಲೇಟುಗಳ ಮೇಲೆ ಬಿಳಿಯ ಸಲ್ಫೇಟು ಕೂತ ಬ್ಯಾಟರಿ ಎಂಥ ಒಳ್ಳೆಯ ಚಾರ್ಜರಿನಿಂದಲೂ ಕರೆಂಟು ತೆಗೆದುಕೊಳ್ಳುವುದಿಲ್ಲ.

ಡಬ್ಬಿಯ ಮೇಲಿನ ಅಂಕಿ ಹೇಗೆ ಉಬ್ಬುತ್ತದೆ ಎಂಬುದು ಚಾರ್ಜರಿನ ಬಗೆಯನ್ನು ಅವಲಂಬಿಸಿದೆ. ಹಳೇ ಬಗೆಯದರಲ್ಲಿ ಒಂದು ಟ್ರಾನ್ಸ್‌ಫಾರ್ಮರು, ನಾಲ್ಕು ಡಯೋಡು, ಮುಂದೆ ಒಂದು ಮುಳ್ಳಿನ ಆಂಪಿಯರ್ ಮೀಟರು. ಇದರಿಂದ ಬರುವ ಕರೆಂಟು ಒಂದೇ ಸಮ ಹರಿಯುವುದಿಲ್ಲ. ಸೆಕೆಂಡಿಗೆ ನೂರು ಸಲ ಎದ್ದು ಬೀಳುತ್ತದೆ. ಬ್ಯಾಟರಿ ತುಂಬುವುದು ಈ ಏರಿಳಿತದ ಸರಾಸರಿಯಿಂದ. ಆದರೆ ಅಗ್ಗದ ಚಾರ್ಜರಿನ ಮುಳ್ಳಿನ ಮೀಟರು ಹೆಚ್ಚಾಗಿ ಕಬ್ಬಿಣದ ತುಂಡು ಸರಿದು ತೋರಿಸುವ ಬಗೆಯದು. ಅದು ಸರಾಸರಿಯನ್ನಲ್ಲ, ಶಾಖ ಹುಟ್ಟಿಸುವ ಬೆಲೆಯನ್ನು, ಅಂದರೆ ಆರ್‌ಎಂಎಸ್ ಅನ್ನು ತೋರಿಸುತ್ತದೆ. ಕರೆಂಟಿನ ಅಲೆ ಗುಂಡಗಿದ್ದರೂ ಇದು ಸರಾಸರಿಯ 1.11 ಪಟ್ಟು, ಬ್ಯಾಟರಿಗೆ ಕಟ್ಟಿದಾಗ ಅಲೆ ಚೂಪಾಗುವುದರಿಂದ ಅಂತರ ಇನ್ನೂ ಹೆಚ್ಚು. ಮುಳ್ಳು ಸುಳ್ಳು ಹೇಳುವುದಿಲ್ಲ, ಕೇಳದ ಪ್ರಶ್ನೆಗೆ ಉತ್ತರ ಹೇಳುತ್ತದೆ ಅಷ್ಟೆ.

ಈ ಬಗೆಯ ಚಾರ್ಜರಿಗೆ ಹಳ್ಳಿಯ ಲೋ-ವೋಲ್ಟೇಜು ಇನ್ನೊಂದು ಶತ್ರು. ಒಂದು ಉದಾಹರಣೆ: ಟ್ರಾನ್ಸ್‌ಫಾರ್ಮರು ಹೊರಗೆ ಕೊಡುವುದು 14 ವೋಲ್ಟ್ ಎಂದುಕೊಳ್ಳೋಣ. ಅಲೆಯ ತುದಿ 19.8 ವೋಲ್ಟ್. ಡಯೋಡುಗಳಲ್ಲಿ 1.8 ಹೋದರೆ ಉಳಿಯುವುದು 18. ಎದುರಿನ ಬ್ಯಾಟರಿ 13 ವೋಲ್ಟಿನಲ್ಲಿದ್ದರೆ ಕರೆಂಟನ್ನು ದೂಡಲು 5 ವೋಲ್ಟ್ ಇದೆ. ಈಗ ಮನೆಯ ಕರೆಂಟು 230ರಿಂದ 190ಕ್ಕೆ ಇಳಿದರೆ ಅಲೆಯ ತುದಿ 16.4 ಆಗಿ, ಡಯೋಡು ಕಳೆದು 14.6 ಉಳಿದು, ದೂಡುವ ಶಕ್ತಿ 1.6 ವೋಲ್ಟಿಗೆ ಬರುತ್ತದೆ. ಮನೆಯ ವೋಲ್ಟೇಜು ಇಳಿದದ್ದು ಶೇಕಡ 17. ದೂಡುವ ಬಲ ಮೂರನೇ ಒಂದಕ್ಕೂ ಕೆಳಗೆ. ಪೇಟೆಯ ಅಂಗಡಿಯಲ್ಲಿ 8 ಆಂಪಿಯರ್ ತೋರಿಸಿದ ಚಾರ್ಜರು ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ ತೋಟದ ಮನೆಯಲ್ಲಿ 2 ತೋರಿಸಿದರೆ ಅಚ್ಚರಿಯಿಲ್ಲ.

ಹೊಸ ಬಗೆಯ, ಹಗುರಾದ, ಫ್ಯಾನು ತಿರುಗುವ, ಮುಂದೆ ಅಂಕಿ ಮಿನುಗುವ ಚಾರ್ಜರು ಎಸ್‌ಎಂಪಿಎಸ್ ತಂತ್ರದ್ದು. ಮೊಬೈಲ್ ಚಾರ್ಜರಿನ ದೊಡ್ಡಣ್ಣ. ಇದು ಲೋ-ವೋಲ್ಟೇಜನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ, ವ್ಯರ್ಥವೂ ಕಡಿಮೆ. ಇದರ ದೌರ್ಬಲ್ಯ ಬೇರೆ ಕಡೆ. ಒಳಗಿನ ಬಿಡಿಭಾಗಗಳನ್ನು ಎಷ್ಟು ಸಣ್ಣದು ಮಾಡಿದರೆ ಅಷ್ಟು ಉಳಿತಾಯವಾದ್ದರಿಂದ, ಅಗ್ಗದ ಮಾಲು ತಣ್ಣಗಿರುವಾಗ ಕೆಲವು ನಿಮಿಷ ಮಾತ್ರ ಹೇಳಿದಷ್ಟು ಕೊಟ್ಟು, ಕಾದ ಮೇಲೆ ಕೈ ಬಿಗಿಹಿಡಿಯುತ್ತದೆ. ಮುಂದಿನ ಪರದೆಯಲ್ಲಿ ಕಾಣುವ ಆಂಪಿಯರ್ ನಿಜವಾಗಿ ಅಳೆದದ್ದೇ ಎಂಬ ಖಾತ್ರಿಯೂ ಇಲ್ಲ. ಪರೀಕ್ಷೆಗೆ ಒಳಪಟ್ಟ ವಸ್ತುವಿನ ಮಾತನ್ನೇ ಪರೀಕ್ಷೆಯ ಫಲವೆಂದು ಹಿಡಿಯಲಾಗದು.

ಅಂಗಡಿಯಲ್ಲೇ ನೋಡಿ ತಿಳಿಯುವ ಸುಳಿವು ಒಂದಿದೆ: ಹೊರಗಿನ ವೈರು. 1.5 ಚದರ ಮಿಲಿಮೀಟರಿನ ತಾಮ್ರದ ವೈರಿಗೆ ಮೀಟರಿಗೆ ಸುಮಾರು 13 ಮಿಲಿಓಮ್ ತಡೆ. ಅರ್ಧ ಚದರ ಮಿಲಿಮೀಟರಿನದಕ್ಕೆ 39. ಒಂದೂವರೆ ಮೀಟರು ಉದ್ದದ ಜೋಡಿ ವೈರಿನಲ್ಲಿ ಹೋಗಿ ಬರುವ ದಾರಿ 3 ಮೀಟರು. ತೆಳು ವೈರಿನಲ್ಲಿ 10 ಆಂಪಿಯರ್ ಹರಿದರೆ ದಾರಿಯಲ್ಲೇ 1.17 ವೋಲ್ಟ್ ಕರಗುತ್ತದೆ, ವೈರು ಬಿಸಿಯಾಗುತ್ತದೆ. ಹೀಗೆ ತೆಳು ವೈರು ಹಾಕಿದವನಿಗೆ ಅದರಲ್ಲಿ 10 ಆಂಪಿಯರ್ ಹರಿಯುವುದಿಲ್ಲವೆಂದು ಮೊದಲೇ ಗೊತ್ತಿರುತ್ತದೆ. ವೈರಿನ ತುದಿಯನ್ನು ಚಾಕುವಿನಿಂದ ತುಸು ಕೆರೆದಾಗ ಕೆಂಪಿನ ಕೆಳಗೆ ಬಿಳಿ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯುಮಿನಿಯಂ. ತಡೆ ಒಂದೂವರೆ ಪಟ್ಟು.

ಇನ್ನು ಅಳತೆ. ಮೊದಲು ಎಚ್ಚರದ ಮಾತು. ಚಾರ್ಜಾಗುವ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ಶೇಕಡ 4 ಆದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಗಾಳಿಯಾಡುವ ಜಾಗ ಬೇಕು, ಬೀಡಿ-ಬೆಂಕಿ ದೂರವಿರಬೇಕು. ಕ್ಲಿಪ್ಪುಗಳನ್ನು ಬ್ಯಾಟರಿಗೆ ಕಚ್ಚಿಸಿದ ಮೇಲೆ ಕರೆಂಟಿನ ಸ್ವಿಚ್ಚು. ತೆಗೆಯುವಾಗ ಸ್ವಿಚ್ಚು ಮೊದಲು, ಕ್ಲಿಪ್ಪು ಆಮೇಲೆ. ಬ್ಯಾಟರಿಯನ್ನು ವಾಹನದಿಂದ ಬಿಚ್ಚಿ ಕೆಳಗಿಟ್ಟು ಪರೀಕ್ಷಿಸುವುದೇ ಲೇಸು.

ಮೊದಲ ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ಮನೆಯ ಮುಂದಿನ ಹೆಸ್ಕಾಂ ಮೀಟರೇ ಉಪಕರಣ. ಎಲೆಕ್ಟ್ರಾನಿಕ್ ಮೀಟರಿನ ಮುಖದಲ್ಲಿ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂಬುದು ಅದರ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಸಿಂಗಲ್ ಫೇಸ್ ಮೀಟರುಗಳಲ್ಲಿ ಹೆಚ್ಚಾಗಿ 3200. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. 3200ರಿಂದ ಭಾಗಿಸಿದರೆ ಒಂದು ಮಿನುಗಿಗೆ 1125 ಜೂಲ್. ಮನೆಯ ಫ್ರಿಜ್ಜು, ಟಿವಿ, ದೀಪ ಎಲ್ಲವನ್ನೂ ಆರಿಸಿ ಚಾರ್ಜರೊಂದನ್ನೇ ಓಡಿಸಬೇಕು. ಇನ್‌ವರ್ಟರನ್ನು ಮರೆಯಬಾರದು, ಅದೂ ಸದ್ದಿಲ್ಲದೆ ತನ್ನ ಬ್ಯಾಟರಿ ತುಂಬಿಕೊಳ್ಳುತ್ತಿರುತ್ತದೆ. ಒಂದು ಮಿನುಗು ಕಂಡೊಡನೆ ಗಡಿಯಾರ ಶುರುಮಾಡಿ ಮುಂದಿನ ಹತ್ತು ಮಿನುಗಿಗೆ ಹಿಡಿದ ಸೆಕೆಂಡುಗಳನ್ನು ಎಣಿಸಬೇಕು. 11,250ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಚಾರ್ಜರು ಗೋಡೆಯಿಂದ ಎಳೆಯುತ್ತಿರುವ ವ್ಯಾಟ್ ಸಿಗುತ್ತದೆ.

ಇಲ್ಲಿ ತರ್ಕ ಸರಳ: ತಾನು ತೆಗೆದುಕೊಂಡದ್ದಕ್ಕಿಂತ ಹೆಚ್ಚು ಕೊಡುವ ಯಂತ್ರ ಲೋಕದಲ್ಲಿಲ್ಲ. 13 ವೋಲ್ಟಿನಲ್ಲಿರುವ ಬ್ಯಾಟರಿಗೆ 10 ಆಂಪಿಯರ್ ಕೊಡಲು 130 ವ್ಯಾಟ್ ಬೇಕು. ನಷ್ಟವೇ ಇಲ್ಲವೆಂದರೂ ಹತ್ತು ಮಿನುಗು 87 ಸೆಕೆಂಡಿನೊಳಗೆ ಮುಗಿಯಬೇಕು. 150 ಸೆಕೆಂಡು ಹಿಡಿದರೆ ಚಾರ್ಜರು ಎಳೆಯುತ್ತಿರುವುದೇ 75 ವ್ಯಾಟ್. ಎಲ್ಲವೂ ಬ್ಯಾಟರಿಗೆ ಹೋದರೂ 6 ಆಂಪಿಯರ್ ಆಗುವುದಿಲ್ಲ. ಐದನೇ ಒಂದು ಭಾಗ ಶಾಖವಾಗಿ ಹೋಗುವುದು ಸಾಮಾನ್ಯ. ಅದನ್ನು ಕಳೆದರೆ ಉಳಿಯುವುದು 4.6. ಟ್ರಾನ್ಸ್‌ಫಾರ್ಮರಿನ ಬಗೆಯಾದರೆ ನಷ್ಟ ಇನ್ನೂ ಹೆಚ್ಚು. ಈ ಪರೀಕ್ಷೆ ಸುಳ್ಳನ್ನು ಖಚಿತವಾಗಿ ಹಿಡಿಯುತ್ತದೆ, ನಿಜವನ್ನು ಮಾತ್ರ ಪೂರ್ತಿ ಸಾಬೀತು ಮಾಡುವುದಿಲ್ಲ. 160 ವ್ಯಾಟ್ ಎಳೆದ ಚಾರ್ಜರು ಅದರಲ್ಲಿ ಅರ್ಧವನ್ನು ತನ್ನ ಮೈ ಕಾಯಿಸಿಕೊಳ್ಳಲು ಬಳಸಿರಬಹುದು.

ಎರಡನೆಯದು ಹೆಡ್‌ಲೈಟ್ ಬಲ್ಬಿನ ಪರೀಕ್ಷೆ. ಕಾರಿನ ಸಾಮಾನ್ಯ ಹ್ಯಾಲೊಜನ್ ಬಲ್ಬು 60/55 ವ್ಯಾಟಿನದು. ಅದರ ಹೈಬೀಮ್ ಎಳೆ ಸುಮಾರು 5 ಆಂಪಿಯರ್ ತಿನ್ನುತ್ತದೆ, ಎರಡು ಬಲ್ಬು ಸೇರಿ 10. ಬಲ್ಬನ್ನು ನೇರವಾಗಿ ಚಾರ್ಜರಿಗೆ ಕಟ್ಟಿ ನೋಡುವುದು ಬಹಳ ಜನರ ರೂಢಿ, ಆದರೆ ಅದು ನಂಬತಕ್ಕದ್ದಲ್ಲ. ಎದುರಿಗೆ ಬ್ಯಾಟರಿ ಕಾಣದಿದ್ದರೆ ಹೊಸ ಚಾರ್ಜರು ಬಹಳ ಸಲ ಶುರುವೇ ಆಗುವುದಿಲ್ಲ. ತಣ್ಣಗಿನ ಬಲ್ಬಿನ ತಡೆ ತೀರ ಕಡಿಮೆಯಾದ್ದರಿಂದ ಕೆಲವು ಅದನ್ನು ಶಾರ್ಟ್ ಎಂದೇ ತಿಳಿದು ಮುಚ್ಚಿಕೊಳ್ಳುತ್ತವೆ. ಸರಿಯಾದ ಕ್ರಮವೆಂದರೆ ಅರ್ಧ ಖಾಲಿಯಾದ ಬ್ಯಾಟರಿಗೆ ಎರಡು ಬಲ್ಬನ್ನೂ ಕಟ್ಟಿ ಉರಿಸಿ, ಅದೇ ಬ್ಯಾಟರಿಗೆ ಚಾರ್ಜರನ್ನೂ ಕಟ್ಟುವುದು. ಇದು ತಕ್ಕಡಿಯ ಹಾಗೆ: ಒಂದು ತಟ್ಟೆಯಲ್ಲಿ ಬಲ್ಬುಗಳು, ಇನ್ನೊಂದರಲ್ಲಿ ಚಾರ್ಜರು, ನಡುವಿನ ಮುಳ್ಳು ಬ್ಯಾಟರಿಯ ವೋಲ್ಟೇಜು. ಚಾರ್ಜರು ನಿಜವಾಗಿ 10 ಆಂಪಿಯರ್ ಕೊಟ್ಟರೆ ಬಲ್ಬು ತಿಂದದ್ದು ಅಲ್ಲಿಗಲ್ಲಿಗೆ ತೀರಿ, ತಾಸು ಕಳೆದರೂ ಮಲ್ಟಿಮೀಟರಿನಲ್ಲಿ ವೋಲ್ಟೇಜು ಇಳಿಯುವುದಿಲ್ಲ. ನಿಧಾನವಾಗಿ ಇಳಿಯುತ್ತ ಹೋದರೆ ಕೊರತೆಯನ್ನು ಬ್ಯಾಟರಿ ತನ್ನ ಗಂಟಿನಿಂದ ಕೊಡುತ್ತಿದೆ ಎಂದರ್ಥ. ಆಗ ಒಂದು ಬಲ್ಬು ಆರಿಸಿ ನೋಡಿದಾಗ ಮುಳ್ಳು ನಿಂತರೆ ಚಾರ್ಜರಿನ ನಿಜವಾದ ಬಲ 5 ಆಂಪಿಯರಿನ ಸುತ್ತಮುತ್ತ. ಬಲ್ಬು ವಿಪರೀತ ಕಾಯುವುದರಿಂದ ಅದರ ಗಾಜು ಮುಟ್ಟಬಾರದು, ಪ್ಲಾಸ್ಟಿಕ್ಕಿನ ಮೇಲೆ ಇಡಲೂಬಾರದು.

ಅಂಕಿಯೇ ಬೇಕೆನ್ನುವವರು ಮಲ್ಟಿಮೀಟರಿನ 10 ಆಂಪಿಯರ್ ತೂತಿಗೆ ಕೈಹಾಕುತ್ತಾರೆ. ಅಗ್ಗದ ಹಳದಿ ಮೀಟರಿನಲ್ಲಿ ಆ ತೂತಿಗೆ ಫ್ಯೂಜೇ ಇರುವುದಿಲ್ಲ. 10 ಸೆಕೆಂಡಿಗಿಂತ ಹೆಚ್ಚು ಹೊತ್ತು ಬಳಸಬಾರದೆಂದು ಅದರ ಮೇಲೆಯೇ ಬರೆದಿರುವುದುಂಟು. ಅಳೆದು ಮುಗಿದ ಮೇಲೆ ಕೆಂಪು ವೈರನ್ನು ವೋಲ್ಟಿನ ತೂತಿಗೆ ಮರಳಿಸದೆ ಬ್ಯಾಟರಿ ಮುಟ್ಟಿಸಿದರೆ ನೂರಾರು ಆಂಪಿಯರ್ ಹರಿದು ಮೀಟರು ಸುಡುತ್ತದೆ, ಕೈಯೂ ಸುಡಬಹುದು. ವೈರಿಂಗಿನವರ ಹತ್ತಿರವಿರುವ ಕ್ಲ್ಯಾಂಪ್ ಮೀಟರು ಕೂಡ ಹೆಚ್ಚಾಗಿ ಎಸಿ ಕರೆಂಟನ್ನಷ್ಟೇ ಅಳೆಯುವಂಥದು. ಬ್ಯಾಟರಿಯ ಡಿಸಿ ಅದಕ್ಕೆ ಸರಿಯಾಗಿ ಕಾಣುವುದಿಲ್ಲ.

ಇವೆರಡಕ್ಕಿಂತ ಸುರಕ್ಷಿತವಾದ, ಸೊಗಸಾದ ದಾರಿ ಮುಕ್ಕಾಲು ಮೀಟರು ವೈರಿನದು. ಐಎಸ್‌ಐ ಗುರುತಿನ, 1.5 ಚದರ ಮಿಲಿಮೀಟರಿನ, ಎಳೆ ಎಳೆಯಾದ ತಾಮ್ರದ ವೈರನ್ನು 75 ಸೆಂಟಿಮೀಟರು ಅಂತರದಲ್ಲಿ ಎರಡು ಕಡೆ ಸಿಪ್ಪೆ ಸುಲಿಯಬೇಕು. ಆ ಎರಡು ಗುರುತುಗಳ ನಡುವಿನ ತಡೆ ಹೆಚ್ಚುಕಡಿಮೆ ಸರಿಯಾಗಿ ಓಮಿನ ನೂರನೇ ಒಂದು ಭಾಗ. ಈ ವೈರನ್ನು ಚಾರ್ಜರಿನ ಕ್ಲಿಪ್ಪಿಗೂ ಬ್ಯಾಟರಿಯ ಮೈನಸ್ ತುದಿಗೂ ನಡುವೆ ಸೇರಿಸಿ, ಮಲ್ಟಿಮೀಟರನ್ನು 200 ಮಿಲಿವೋಲ್ಟಿಗೆ ತಿರುಗಿಸಿ ಎರಡು ಗುರುತುಗಳಿಗೆ ಮುಟ್ಟಿಸಿದರೆ ಪ್ರತಿ ಆಂಪಿಯರಿಗೆ 10 ಮಿಲಿವೋಲ್ಟ್ ತೋರಿಸುತ್ತದೆ. 100 ಬಂದರೆ 10 ಆಂಪಿಯರ್; 46 ಬಂದರೆ 4.6. ಟ್ರಾನ್ಸ್‌ಫಾರ್ಮರು ಬಗೆಯಲ್ಲಿಯೂ ಈ ಅಳತೆ ಬ್ಯಾಟರಿಗೆ ಬೇಕಾದ ಸರಾಸರಿಯನ್ನೇ ಕೊಡುತ್ತದೆ. ಬೇಸಿಗೆಯ ಸೆಕೆಯಲ್ಲಿ ತಾಮ್ರದ ತಡೆ ನೂರಕ್ಕೆ ಏಳೆಂಟು ಏರುವುದರಿಂದ ಅಂಕಿ ಅಷ್ಟು ಹೆಚ್ಚು ಬಂದೀತು; ಕೊಳ್ಳುವವನ ಲೆಕ್ಕಕ್ಕೆ ಈ ನಿಖರತೆ ಧಾರಾಳವಾಯಿತು. ಸುಲಿದ ಗುರುತುಗಳನ್ನೇ ಮುಟ್ಟಿಸಬೇಕು, ಕ್ಲಿಪ್ಪು ಕಚ್ಚಿದ ಜಾಗವನ್ನಲ್ಲ. ಕ್ಲಿಪ್ಪಿನ ಸಡಿಲಿಕೆಯ ತಡೆ ವೈರಿನದಕ್ಕಿಂತ ಹೆಚ್ಚಿರುತ್ತದೆ.

ಯಾವ ದಾರಿ ಹಿಡಿದರೂ ಅಳತೆಯನ್ನು ಎರಡು ಸಲ ಮಾಡಬೇಕು: ಶುರುವಾದ ಐದು ನಿಮಿಷಕ್ಕೆ ಒಮ್ಮೆ, ತಾಸಾದ ಮೇಲೆ ಇನ್ನೊಮ್ಮೆ. ಎರಡು ಬಲ್ಬು ಉರಿಯುತ್ತಿದ್ದರೆ ಬ್ಯಾಟರಿ ತುಂಬುವುದಿಲ್ಲವಾದ್ದರಿಂದ ಆಂಪಿಯರ್ ಇಳಿದರೆ ಆ ಇಳಿಕೆ ಚಾರ್ಜರಿನದೇ. ತಣ್ಣಗಿರುವಾಗ 8 ಕೊಟ್ಟು ತಾಸಿನ ಬಳಿಕ 5ಕ್ಕೆ ನಿಂತದ್ದು 5 ಆಂಪಿಯರಿನ ಚಾರ್ಜರು. ಮಧ್ಯಾಹ್ನದ ಬಿಸಿಲಲ್ಲಿ ತಗಡಿನ ಶೆಡ್ಡಿನೊಳಗೆ ಮಾಡಿದ ಪರೀಕ್ಷೆ ಕಠಿಣವೇ ಸರಿ, ಆದರೆ ಈ ಸೀಮೆಯಲ್ಲಿ ಚಾರ್ಜರು ದುಡಿಯುವುದೂ ಅಂಥಲ್ಲೇ.

ಆಂಪಿಯರ್ ಪರೀಕ್ಷೆ ಮುಗಿದ ಮೇಲೆ ಬಲ್ಬು ಬಿಚ್ಚಿ ಬ್ಯಾಟರಿಯನ್ನು ಪೂರ್ತಿ ತುಂಬಲು ಬಿಟ್ಟು ಕೊನೆಯ ವೋಲ್ಟೇಜು ನೋಡಬೇಕು. ಇದನ್ನು ಬಹಳ ಮಂದಿ ಕೈಬಿಡುತ್ತಾರೆ. ವಾಸ್ತವವಾಗಿ ಬ್ಯಾಟರಿಯ ಆಯುಷ್ಯ ನಿಂತಿರುವುದು ಇದರ ಮೇಲೆ. 14.4ರಿಂದ 14.8ರ ನಡುವೆ ನಿಂತು, ಆಮೇಲೆ ಇಳಿದರೆ ಅಥವಾ ತಾನೇ ಬಂದಾದರೆ ಚಾರ್ಜರು ಸರಿಯಾಗಿದೆ. ತಡೆಯಿಲ್ಲದೆ 15.5, 16 ಎಂದು ಏರುತ್ತಲೇ ಹೋದರೆ ಆಸಿಡ್ ಕುದಿದ ಹಾಗೆ ಗುಳ್ಳೆ ಏಳುತ್ತದೆ, ನೀರು ಆರುತ್ತದೆ, ಪ್ಲೇಟು ಉದುರುತ್ತವೆ. ನೀರು ಹಾಕಲು ಬಾರದ ಸೀಲ್ಡ್ ಬ್ಯಾಟರಿಯಾದರೆ ಹೋದದ್ದು ಹೋಯಿತು. ಹೇಳಿದ 10 ಆಂಪಿಯರನ್ನು ಕೊಟ್ಟೂ ನಿಲ್ಲಲು ತಿಳಿಯದ ಚಾರ್ಜರಿಗಿಂತ, 10 ಎಂದು ಬರೆದುಕೊಂಡು 5 ಕೊಟ್ಟು ಹೊತ್ತಿಗೆ ಸರಿಯಾಗಿ ನಿಲ್ಲುವ ಚಾರ್ಜರೇ ಬ್ಯಾಟರಿಯ ಮಟ್ಟಿಗೆ ಮೇಲು. ಕೊಂಡವನ ಮಟ್ಟಿಗೆ ಅದು ಮೋಸವೇ, ಆ ಮಾತು ಬೇರೆ.

ಬೆನ್ನಿಗೆ ಕಟ್ಟಿಕೊಂಡು ಎಣ್ಣೆ ಹೊಡೆಯುವ ಬ್ಯಾಟರಿ ಪಂಪುಗಳ ಜೊತೆ ಬರುವ ಸಣ್ಣ ಚಾರ್ಜರಿಗೂ ಇದೇ ಪರೀಕ್ಷೆ ಒಪ್ಪುತ್ತದೆ. ಆಂಪಿಯರ್ ಒಂದೋ ಎರಡೋ ಇರುವುದರಿಂದ ಹೆಡ್‌ಲೈಟಿನ ಬದಲು 21 ವ್ಯಾಟಿನ ಇಂಡಿಕೇಟರ್ ಬಲ್ಬು ಸಾಕು. ಇನ್ನೊಂದು ಮಾತು: ಎಸ್‌ಎಂಪಿಎಸ್ ಚಾರ್ಜರಿನ ಒಳಗೆ ಅದರ ಗದ್ದಲ ತಡೆಯುವ ಫಿಲ್ಟರು ಹಾಕಿದ್ದಾರೋ ಉಳಿಸಿದ್ದಾರೋ ತಿಳಿಯಲು ರೇಡಿಯೋವೇ ಒಂದು ಮೀಟರು. ಮಧ್ಯಮ ತರಂಗದಲ್ಲಿ 765 ಕಿಲೋಹರ್ಟ್ಸಿನ ಧಾರವಾಡ ಕೇಂದ್ರ ಹಚ್ಚಿಟ್ಟು ಚಾರ್ಜರು ಚಾಲೂ ಮಾಡಿದಾಗ ಮಾತು ಮುಚ್ಚಿಹೋಗುವಷ್ಟು ಗೊರಗೊರ ಬಂದರೆ, ತಯಾರಕ ಅಲ್ಲಿಯೂ ಕಾಸು ಉಳಿಸಿದ್ದಾನೆ.

ಹೇಳಿದ ಆಂಪಿಯರಿನ ನೂರಕ್ಕೆ 90ರಷ್ಟು ತಾಸಿನ ಬಳಿಕವೂ ಬಂದರೆ ದೂರುವ ಕಾರಣವಿಲ್ಲ. ಅರ್ಧಕ್ಕೂ ಕೆಳಗೆ ಬಂದರೆ ಅದು ಅಳತೆಯ ತಪ್ಪಲ್ಲ, ಅಚ್ಚು ಹಾಕಿದವನ ತಪ್ಪು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಸರಕಿನ ಪ್ರಮಾಣ, ಗುಣಗಳ ಬಗ್ಗೆ ಸುಳ್ಳು ಹೇಳಿ ಮಾರುವುದು ಅನುಚಿತ ವ್ಯಾಪಾರ ಪದ್ಧತಿ. ನರಗುಂದದವರಿಗೆ ದೂರು ಕೊಡುವ ಸ್ಥಳ ಗದಗಿನ ಜಿಲ್ಲಾ ಗ್ರಾಹಕರ ಆಯೋಗ; 5 ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ಅದಕ್ಕೂ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಬಹುದು. ಎರಡೂ ಕಡೆ ಮೊದಲು ಕೇಳುವುದು ಬಿಲ್ಲನ್ನು. ಆದ್ದರಿಂದ ಚಾರ್ಜರು ಕೊಳ್ಳುವವರು ಮಾದರಿಯ ಹೆಸರು, ಆಂಪಿಯರ್ ಎರಡನ್ನೂ ಬರೆಸಿದ ಬಿಲ್ಲನ್ನು ಅಂಗಡಿಯಲ್ಲೇ ಕೇಳಿ ಪಡೆಯಬೇಕು, ಡಬ್ಬಿಯನ್ನೂ ಎಸೆಯದೆ ಇಟ್ಟುಕೊಳ್ಳಬೇಕು.